ಅಳಿಯನ ಬೆನ್ನಚೀಲದಲ್ಲಿದ್ದ ಕಲ್ಲುಗಳ ಕುರಿತು

ಆಡಿದ ಮಾತನ್ನೂ ಆಡದೆ ನುಂಗಿದ ಮಾತನ್ನೂ ಸಮನಾಗಿ ಕೇಳಿಸಿಕೊಳ್ಳುವ ಸರ್ವಸಾಕ್ಷಿಗೆ ನಮಸ್ಕರಿಸಿ, ಮೇ ತಿಂಗಳ ಒಂಬತ್ತನೆಯ ದಿನ, ಗುರುವಾರ, ಬೆಳಗಿನ ಹನ್ನೊಂದು ಗಂಟೆಗೆ, ಠಾಣೆಯ ಒಳಕೋಣೆಯಲ್ಲಿ ಸಬ್ ಇನ್ಸ್‌ಪೆಕ್ಟರವರ ಎದುರು ಕುಳಿತು ಕೊಟ್ಟ ಹೇಳಿಕೆ.

ಮನೆಯವರಿಂದಲೂ ನೆರೆಯವರಿಂದಲೂ ‘ನ್ಯಾಯಮೂರ್ತಿ’ ಎಂದು ಕರೆಯಲ್ಪಡುವ ನಾನು, ವಯಸ್ಸು ಎಪ್ಪತ್ತೊಂದು, ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸದಿಂದ ನಿವೃತ್ತನಾದವನು, ಹಳೆಯ ಅಂಚೆ ಕಚೇರಿಯ ಹಿಂಬದಿಯ ಬೀದಿಯಲ್ಲಿ ಔಷಧದಂಗಡಿಯ ಮೇಲಿನ ಮಹಡಿಯಲ್ಲಿ ಮಗ ಮತ್ತು ಸೊಸೆಯೊಡನೆ ವಾಸವಾಗಿರುವವನು, ಈ ಮೂಲಕ ಅರಿಕೆ ಮಾಡಿಕೊಳ್ಳುವುದೇನೆಂದರೆ:

ಇದೇ ತಿಂಗಳ ಐದನೆಯ ತಾರೀಕು ಭಾನುವಾರ ಬೆಳಿಗ್ಗೆ ನನ್ನ ಮಗಳ ಗಂಡನು, ವಯಸ್ಸು ಮೂವತ್ತೆಂಟು, ವೃತ್ತಿಯಿಂದ ಬಸ್ ಚಾಲಕನು, ನಾವು ಡೇರೆ ಹಾಕಿದ್ದ ಕೆರೆಯ ಮೇಲಿನ ಗುಡ್ಡವನ್ನು ಹತ್ತುತ್ತಿರುವಾಗ ಹೃದಯಾಘಾತದಿಂದ ಕುಸಿದುಬಿದ್ದನು. ಈಗ ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿದ್ದಾನೆ. ಅವನ ಬೆನ್ನಚೀಲದಲ್ಲಿ ಬಟ್ಟೆಯೂ ನೀರಿನ ಬಾಟಲಿಯೂ ಮಾತ್ರ ಇದ್ದವೆಂದು ನನ್ನ ಮಗನು ವೈದ್ಯರಿಗೂ ತಮ್ಮ ಹೆಡ್ ಕಾನ್‌ಸ್ಟೆಬಲರಿಗೂ ಹೇಳಿರುತ್ತಾನೆ. ಅದು ನಿಜವಲ್ಲ. ಚೀಲದಲ್ಲಿ ಕಲ್ಲುಗಳಿದ್ದವು. ಅವನ್ನು ಹಾಕಿದವರು ನಾವು. ಆಡಿದ ಮಾತನ್ನು ಆಡಿದಂತೆಯೇ ಹೇಳಬೇಕೆಂದು ಬರೆದುಕೊಳ್ಳುವವರು ಸೂಚಿಸಿರುವುದರಿಂದ ಹಾಗೆಯೇ ಹೇಳುತ್ತೇನೆ.

ನಮ್ಮ ಕುಟುಂಬವು ವರ್ಷಕ್ಕೊಮ್ಮೆ ಬೇಸಿಗೆ ರಜೆಯಲ್ಲಿ ಮೂರು ದಿನ ಊರ ಹೊರಗೆ ಡೇರೆಯಲ್ಲಿ ತಂಗುವ ರೂಢಿಯನ್ನು ಮೂವತ್ತು ವರ್ಷಗಳಿಂದ ಇಟ್ಟುಕೊಂಡಿದೆ. ಅದನ್ನು ಆರಂಭಿಸಿದವಳು ಈಗ ದಿವಂಗತಳಾದ ನನ್ನ ಹೆಂಡತಿ. ಆಗ ಮಗನಿಗೆ ಹತ್ತು ವರ್ಷ, ಮಗಳಿಗೆ ಆರು. ಕಾಲು ನೋಯುತ್ತದೆ, ಇರುವೆ ಕಚ್ಚಿತು, ಇನ್ನೆಷ್ಟು ದೂರ ಎಂದು ಮಕ್ಕಳು ರಾಗ ಎಳೆದಾಗಲೆಲ್ಲ ಅವಳು ಒಂದು ಹರಳನ್ನು ಎತ್ತಿ ಅವರ ಜೇಬಿಗೆ ಹಾಕುತ್ತಿದ್ದಳು. ಹರಳು ಕಾಳಿನಷ್ಟು. ಸಂಜೆ ನೀರಿನ ದಡದಲ್ಲಿ ನಿಂತು ಅದನ್ನು ಎಸೆಯಬೇಕು. ಎಸೆದ ಮೇಲೆ ಆ ದಿನದ ದೂರು ಮುಗಿಯಿತು, ಯಾರೂ ಅದನ್ನು ಎತ್ತಿ ಆಡುವಂತಿಲ್ಲ. ಎಸೆಯುವ ಮುನ್ನ ಅವಳು ಮಗುವಿನ ಪಾದವನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ನೋಡಿ, ಮುಳ್ಳಿದ್ದರೆ ತೆಗೆಯುತ್ತಿದ್ದಳು.

ಮಗನು ದೊಡ್ಡವನಾಗಿ ಶಾಲೆಯಲ್ಲಿ ವ್ಯಾಯಾಮ ಶಿಕ್ಷಕನಾದ ಮೇಲೆ ಬಿಡಾರದ ಯಜಮಾನಿಕೆ ಅವನ ಕೈಗೆ ಬಂದಿತು. ಕೊರಳಲ್ಲಿ ಸೀಟಿ ಹಾಕಿಕೊಂಡು ಓಡಾಡುವುದರಿಂದ ಅವನನ್ನು ‘ಕ್ಯಾಪ್ಟನ್’ ಎನ್ನುತ್ತೇವೆ. ಅವನ ಕಾಲದಲ್ಲಿ ಹರಳು ಹೋಗಿ ಕಲ್ಲಾಯಿತು, ಜೇಬು ಹೋಗಿ ಬೆನ್ನಚೀಲವಾಯಿತು. ನೀರಿಗೆ ಎಸೆಯುವುದು ನಿಂತು, ಬಿದ್ದ ಕಲ್ಲನ್ನು ಮೂರು ದಿನವೂ ಹೊತ್ತು ಕೊನೆಗೆ ಕಾರಿನ ಬಳಿ ಇಳಿಸಬೇಕೆಂದಾಯಿತು. ಪಾದ ನೋಡುವುದೂ ನಿಂತಿತು. ಯಾವ ಮಾತು ದೂರು, ಯಾವುದು ಅಲ್ಲ ಎಂಬ ವಿವಾದ ಎದ್ದಾಗ ತೀರ್ಪು ಕೊಡುವವನು ನಾನು. ಹಳೆಯ ಗ್ರಂಥಗಳ ಕರಡನ್ನು ತಿದ್ದಿ ತಿದ್ದಿ ಕೂದಲು ಸೀಳುವುದರಲ್ಲಿಯೇ ಸುಖ ಕಾಣುತ್ತ ಬಂದ ನನಗೆ ಆ ಪದವಿ ಹಿತವಾಗಿತ್ತು.

ಕಲ್ಲನ್ನು ತಪ್ಪಿಸಿಕೊಳ್ಳಲು ನಮ್ಮವರು ಕಾಲಕ್ರಮದಲ್ಲಿ ಒಂದು ವಿದ್ಯೆಯನ್ನು ರೂಢಿಸಿಕೊಂಡರು. ನೋವನ್ನು ಹೊಗಳಿಕೆಯಾಗಿ ನುಡಿಯುವುದೇ ಆ ವಿದ್ಯೆ. ಹೊಗಳಿಕೆಗೆ ಕಲ್ಲಿಲ್ಲವೆಂದು ನಾನೇ ತೀರ್ಪು ಕೊಟ್ಟಿದ್ದೆನು. ಇದರಲ್ಲಿ ಎಲ್ಲರಿಗಿಂತ ನಿಪುಣೆ ನನ್ನ ಸೊಸೆ. ಅವಳು ಬ್ಯಾಂಕಿನ ಕೌಂಟರಿನಲ್ಲಿ ಕೆಲಸ ಮಾಡುತ್ತಾಳೆ.

ಅಳಿಯನಿಗೆ ಮದುವೆಯಾಗಿ ಎರಡು ವರ್ಷ. ಕಳೆದ ವರ್ಷ ಡಿಪೋದಲ್ಲಿ ರಜೆ ಸಿಗಲಿಲ್ಲ. ಇದೇ ಅವನಿಗೆ ಮೊದಲನೆಯ ಬಿಡಾರ. ಒಬ್ಬ ಚಿಕ್ಕಮ್ಮನ ಹೊರತು ತನ್ನವರೆನ್ನಲು ಅವನಿಗೆ ಯಾರೂ ಇಲ್ಲ. ಶುಕ್ರವಾರ ಕಾರಿನಲ್ಲಿ ಹೋಗುವಾಗ ಅವನು ಹಿಂದಿನ ಸೀಟಿನಿಂದ ನನ್ನ ಕಡೆ ಬಾಗಿ, “ಮಾವ, ಹತ್ತು ವರ್ಷದಿಂದ ಜನರನ್ನ ರಜೆಗೆ ಬಿಟ್ಟು ಬರ್ತಾ ಇದ್ದೀನಿ. ಬಸ್ಸಿಂದ ನಾನೂ ಇಳೀತಿರೋದು ಇದೇ ಮೊದಲು,” ಎಂದನು. ಹೊಸ ಬೂಟು ಕೊಂಡಿದ್ದನು. ಅದನ್ನು ಹಾಕಿಕೊಂಡೇ ಮನೆಯೊಳಗೆ ಒಂದು ವಾರ ನಡೆದು ಪಳಗಿಸಿದನೆಂದು ಮಗಳು ಹೇಳಿ ನಕ್ಕಳು.

ಶುಕ್ರವಾರ ಸಂಜೆ ನಾಲ್ಕು ಗಂಟೆಗೆ ಕೆರೆಯ ದಡವನ್ನು ತಲುಪಿದೆವು. ಒಂದು ನಲ್ಲಿ, ಇನ್ನೂರು ಮೀಟರ್ ದೂರದಲ್ಲಿ ತಗಡಿನ ಶೌಚಾಲಯ, ದಾರಿಯ ತಿರುವಿನಲ್ಲಿ ಕಾವಲುಗಾರನ ಮನೆ, ಇಷ್ಟೇ ಅಲ್ಲಿರುವುದು. ಡೇರೆಯನ್ನು ಎತ್ತಿ ನಿಲ್ಲಿಸಿದಾಗಲೆಲ್ಲ ಅದು ಮಲಗಿಕೊಂಡಿತು. ಸೊಸೆಯು, “ನಮ್ಮ ಡೇರೆಗೆ ಎಷ್ಟು ಸಂಸ್ಕಾರ ನೋಡಿ, ದೊಡ್ಡೋರನ್ನ ಕಂಡ ತಕ್ಷಣ ಕಾಲಿಗೆ ಬೀಳತ್ತೆ,” ಎಂದಳು. ಎಲ್ಲರೂ ನಕ್ಕೆವು. ಅಳಿಯನೂ ನಕ್ಕು, ಅನಂತರ, “ಭಾವ, ಕಂಬ ಒಂದು ಕಡಿಮೆ ಇದೆ,” ಎಂದನು. ಕ್ಯಾಪ್ಟನ್ ಸೀಟಿ ಊದಿದನು. ಸಾಮಾನು ಕಟ್ಟಿದವನ ಮೇಲೆ ತಪ್ಪು ಹೊರಿಸುವ ಮಾತಾದುದರಿಂದ ಅದು ದೂರೇ ಸರಿ ಎಂದು ನಾನು ತೀರ್ಪಿತ್ತೆನು. ಅರ್ಧ ಇಟ್ಟಿಗೆಯಷ್ಟಿದ್ದ ಕಲ್ಲೊಂದನ್ನು ಕ್ಯಾಪ್ಟನ್ ಆರಿಸಿ, ತನ್ನ ಜೇಬಿನಲ್ಲಿದ್ದ ಸೀಮೆಸುಣ್ಣದಿಂದ ಅದರ ಮೇಲೆ ‘ಕಂಬ’ ಎಂದು ಬರೆದು ಅಳಿಯನ ಕೈಗೆ ಕೊಟ್ಟನು. ಅಳಿಯನು ತಾನೇ ಅದನ್ನು ಚೀಲಕ್ಕೆ ಹಾಕಿಕೊಂಡು, “ಸರಿ ಬಿಡಿ, ಟಿಕೆಟ್ ಇಲ್ದೆ ಒಬ್ಬ ಹತ್ತಿದ,” ಎಂದನು. ಒಳ್ಳೆಯ ಮನುಷ್ಯನೆಂದು ಎಲ್ಲರಿಗೂ ಮೆಚ್ಚಿಗೆಯಾಯಿತು.

ಶನಿವಾರ ಬೆಳಗಿನ ಜಾವ ಮಳೆ ಬಂದು ಡೇರೆಯೊಳಗೆ ನೀರು ನುಗ್ಗಿತು. ಮಗಳು, “ನೀರು ಹಾಸಿಗೆವರೆಗೂ ಬಂದು ಎಬ್ಬಿಸ್ತಲ್ಲ, ಇಂಥ ಉಪಚಾರ ಮನೇಲೆಲ್ಲಿ,” ಎಂದಳು. ನನ್ನ ಬೆನ್ನಿನ ಕೆಳಗೆ ಮರದ ಬೇರೊಂದು ಇದ್ದಿತು. ಈ ವಯಸ್ಸಿನಲ್ಲಿ ಇಷ್ಟು ಬೆನ್ನುಬಿಡದ ಸ್ನೇಹ ದೊರೆತದ್ದು ಭಾಗ್ಯವೆಂದು ನಾನೂ ಹೇಳಿದೆನು. ಅನ್ನ ಬೇಯಲಿಲ್ಲ. ಸೊಸೆಯು, “ಒಂದೊಂದು ಅಗುಳಿಗೂ ಎಂಥಾ ಸ್ವಾಭಿಮಾನ, ಒಬ್ಬರಿಗೂ ಮೆತ್ತಗಾಗಿಲ್ಲ,” ಎಂದಳು. ನಾವು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಮಧ್ಯಾಹ್ನ ಬಿಸಿಲು ಬಿದ್ದು, ಒದ್ದೆ ಬಟ್ಟೆಗಳನ್ನೆಲ್ಲ ಪೊದೆಗಳ ಮೇಲೆ ಹರವಿ, ಹೊಗೆಯ ವಾಸನೆಯ ಚಹಾ ಕುಡಿಯುತ್ತ ಕೆರೆಯಲ್ಲಿ ಕಾಲು ಇಳಿಬಿಟ್ಟುಕೊಂಡು ಕುಳಿತಿದ್ದೆವು. ಅದು ಬಹಳ ಸುಖದ ಹೊತ್ತಾಗಿತ್ತೆಂಬುದನ್ನು ನಾನು ಮುಚ್ಚಿಡಲಾರೆ.

ಅಳಿಯನಿಗೆ ಮಾತ್ರ ಈ ವಿದ್ಯೆ ಬರಲಿಲ್ಲ. ಅವನು ಇದ್ದದ್ದನ್ನು ಇದ್ದಂತೆ ಹೇಳುವವನು. ಕಾಲುಚೀಲ ಒದ್ದೆಯಾಗಿದೆ ಎಂದನು, ಕಲ್ಲು. ಅನ್ನ ಇನ್ನೊಂದು ಸ್ವಲ್ಪ ಹೊತ್ತು ಒಲೆಯ ಮೇಲಿರಲಿ ಎಂದನು, ಕಲ್ಲು. ಸೊಳ್ಳೆಬತ್ತಿ ತಂದಿದ್ದೀರಾ ಅಕ್ಕ ಎಂದು ಸೊಸೆಯನ್ನು ಕೇಳಿದನು. ಪ್ರಶ್ನೆಯ ರೂಪದ ದೂರೆಂದು ನಾನು ವಿವರಿಸಿದೆನು. ಕ್ಯಾಪ್ಟನ್ ಪ್ರತಿ ಕಲ್ಲಿನ ಮೇಲೂ ವಿಷಯವನ್ನು ಬರೆದನು. ಕೊನೆಯ ದಿನ ಅವನ್ನೆಲ್ಲ ಸಾಲಾಗಿಟ್ಟು, ಹಿಂದೆ ಅಳಿಯನನ್ನು ನಿಲ್ಲಿಸಿ ಫೋಟೋ ತೆಗೆಯುವ ಉದ್ದೇಶ ಅವನದಾಗಿತ್ತು. ಸಂಜೆ ಮಗಳು, “ಅಣ್ಣಾ, ಸಾಕು ಕಣೋ, ಅವರ ಹೆಗಲು ಕೆಂಪಾಗಿದೆ,” ಎಂದಳು. ಒಬ್ಬರ ಪರವಾಗಿ ಇನ್ನೊಬ್ಬರು ದೂರಿದರೆ ಕಲ್ಲು ಯಾರ ಚೀಲಕ್ಕೆ ಎಂಬ ಹೊಸ ಪ್ರಶ್ನೆ ಎದ್ದಿತು. ಫಲ ಯಾರಿಗೋ ಭಾರವೂ ಅವರಿಗೇ ಎಂದು ನಾನು ನಿರ್ಣಯಿಸಿದೆನು. ಕಲ್ಲು ಅಳಿಯನ ಚೀಲಕ್ಕೆ ಬಿದ್ದಿತು. ಅಲ್ಲಿಂದ ಮುಂದೆ ಮಗಳು ಅವನ ವಿಷಯದಲ್ಲಿ ಬಾಯಿ ತೆರೆಯಲಿಲ್ಲ.

ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಗುಡ್ಡ ಹತ್ತಲು ಹೊರಟೆವು. ನೆತ್ತಿಯವರೆಗೆ ಮೂರು ಕಿಲೋಮೀಟರ್. ಕ್ಯಾಪ್ಟನ್ ಮುಂದೆ, ಅವನ ಹಿಂದೆ ಸೊಸೆ, ಆಮೇಲೆ ಅಳಿಯ ಮತ್ತು ಮಗಳು, ಕೊನೆಯಲ್ಲಿ ಕೋಲೂರಿಕೊಂಡು ನಾನು. ಉಳಿದವರ ಚೀಲಗಳಲ್ಲಿ ಕಲ್ಲಿರಲಿಲ್ಲ.

ಎಂಟು ಗಂಟೆಯ ಸುಮಾರಿಗೆ ಅಳಿಯನು ನಿಂತು, “ಮಾವ, ಎಡಗೈ ಜೋಮು ಹಿಡಿದಂಗಿದೆ,” ಎಂದನು. ಸೀಟಿ ಊದಲ್ಪಟ್ಟಿತು. ಅಳಿಯನು, “ಇದು ದೂರಲ್ಲ ಮಾವ, ಸುಮ್ನೆ ಹೇಳ್ದೆ,” ಎಂದು ನನಗೆ ಮನವಿ ಮಾಡಿಕೊಂಡನು. ನಾನು ಕೋಲನ್ನು ನೆಲಕ್ಕೆ ಊರಿ, ಕೇಳಿದವರು ಏನಾದರೂ ಮಾಡಬೇಕೆಂಬ ಅಪೇಕ್ಷೆ ಮಾತಿನೊಳಗೆ ಇದ್ದರೆ ಅದು ದೂರು, ಇಲ್ಲವಾದರೆ ಬರಿಯ ವರದಿ ಎಂದು ಹೇಳಿ, ನಾವು ಏನಾದರೂ ಮಾಡಬೇಕೆಂದು ನಿಮ್ಮ ಅಪೇಕ್ಷೆಯೇ ಎಂದು ಕೇಳಿದೆನು. ಅವನು ಸ್ವಲ್ಪ ಯೋಚಿಸಿ, “ಒಂದೈದು ನಿಮಿಷ ಕೂತ್ಕೊಂಡ್ರೆ ಚೆನ್ನಾಗಿತ್ತು,” ಎಂದನು. ಹಾಗಾದರೆ ದೂರು ಎಂದೆನು. ಕ್ಯಾಪ್ಟನ್, “ಭಾವನೋರೇ, ಬಸ್ಸಲ್ಲಿ ಪ್ಯಾಸೆಂಜರ್ ಕೇಳಿದ ಕಡೆಯೆಲ್ಲ ನಿಲ್ಲಿಸ್ತೀರಾ ನೀವು?” ಎಂದು ಕೇಳಿ, ಕಲ್ಲಿನ ಮೇಲೆ ‘ಎಡಗೈ’ ಎಂದು ಬರೆದನು. ಅದನ್ನು ಹಾಕುವಾಗ ಅಳಿಯನ ಚೀಲದ ಬಾಯನ್ನು ಹಿಡಿದುಕೊಂಡವನು ನಾನು. ನಾವು ಕೂರಲಿಲ್ಲ.

ಅಲ್ಲಿಂದ ಮುಂದೆ ಏರು ಹೆಚ್ಚು. ಅಳಿಯನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಸೊಸೆಯು ಹಿಂದಿರುಗಿ ನೋಡಿ, “ಅಣ್ಣನ ಮುಖಕ್ಕೆ ಎಂಥಾ ಕಳೆ ಬಂದಿದೆ, ಗುಡ್ಡದ ಗಾಳಿ ಅಂದ್ರೆ ಗಾಳಿ,” ಎಂದಳು. ಮಗಳು ಮಾತನಾಡದೆ ಹಿಂದಿನಿಂದ ಅವನ ಚೀಲದ ಅಡಿಗೆ ಎರಡೂ ಕೈ ಕೊಟ್ಟು ಎತ್ತಿ ಹಿಡಿದು ನಡೆಯತೊಡಗಿದಳು. ಕ್ಯಾಪ್ಟನ್ ಸೀಟಿ ಊದಿ, ಸಹಾಯಕ್ಕೂ ಒಂದು ಕಲ್ಲು ಎಂದು ಕೂಗಿದನು. ಅವಳು ಕೈ ತೆಗೆದಳು. ತೆಗೆದು ನನ್ನ ಕಡೆ ನೋಡಿದಳು. ನಿಯಮದಲ್ಲಿ ಸಹಾಯದ ಉಲ್ಲೇಖವಿಲ್ಲವೆಂದು ನಾನು ಹೇಳಬಹುದಾಗಿತ್ತು. ಹೇಳಲಿಲ್ಲ, ಏದುಸಿರು ಬರುತ್ತಿದ್ದುದರಿಂದ ಮಾತು ಬೇಡವೆನಿಸಿತು.

ಒಂಬತ್ತೂವರೆಗೆ ಸ್ವಲ್ಪ ಮುಂಚೆ, ದಾರಿಗೆ ಚಾಚಿಕೊಂಡಿರುವ ಬಂಡೆಯೊಂದರ ಬಳಿ ಅಳಿಯನು ಬಂಡೆಗೆ ಕೈಯಾನಿಸಿ ನಿಂತನು. ಎಲ್ಲರೂ ನಿಂತೆವು. ಕ್ಯಾಪ್ಟನ್ ಸೀಟಿಯನ್ನು ತುಟಿಗೆ ತಂದುಕೊಂಡನು. ಅಳಿಯನು ಅದನ್ನು ನೋಡಿದನು. ನೋಡಿ, ಮಾತಿನ ನಡುವೆ ಉಸಿರಿಗಾಗಿ ನಿಲ್ಲುತ್ತ, “ಎದೆ ಒಳಗೆ ಯಾರೋ ಬಸ್ಸು ನಿಲ್ಲಿಸಿದಾರೆ ಮಾವ. ಒಳ್ಳೆ ಕೈ ಪಳಗಿದ ಡ್ರೈವರ್ರು. ಎಷ್ಟು ಚೆನ್ನಾಗಿ ನಿಲ್ಲಿಸಿದಾರೆ ಅಂದ್ರೆ, ಉಸಿರು ದಾಟಕ್ಕೂ ಜಾಗ ಬಿಟ್ಟಿಲ್ಲ,” ಎಂದನು.

ನಾವು ಚಪ್ಪಾಳೆ ತಟ್ಟಿದೆವು. ಸೊಸೆಯು ಬೆರಳು ಮಡಿಸಿ ದೃಷ್ಟಿ ತೆಗೆದಂತೆ ಮಾಡಿದಳು. ಕ್ಯಾಪ್ಟನ್, “ಕಲಿತ್ರು. ಕೊನೆಗೂ ಭಾವ ಕಲಿತ್ರು,” ಎಂದು ಅವನ ಹೆಗಲು ತಟ್ಟಿದನು. ಹೊಗಳಿಕೆ, ಕಲ್ಲಿಲ್ಲ ಎಂದು ನಾನು ತೀರ್ಪು ಕೊಟ್ಟು, ಉಪಮೆಯನ್ನು ಕೊನೆಯವರೆಗೂ ಕೈಬಿಡದೆ ನಡೆಸಿದ್ದು ಸೊಗಸಾಗಿದೆ ಎಂದೂ ಸೇರಿಸಿದೆನು. ಅಳಿಯನು ನಕ್ಕನು. ಅವನ ಮಾತಿನ ಅರ್ಥ ನಮಗೆ ಆಗಲಿಲ್ಲವೆಂದು ನಾನು ಹೇಳಲಾರೆ. ನಮ್ಮ ಮನೆಯಲ್ಲಿ ಹೊಗಳಿಕೆಯೆಂದರೆ ಏನೆಂಬುದು ಎಲ್ಲರಿಗೂ ಗೊತ್ತು. ಅರ್ಥವಾದುದರಿಂದಲೇ ಚಪ್ಪಾಳೆ ತಟ್ಟಿದೆವು. ಅವನು ಇನ್ನೂ ನೂರು ಹೆಜ್ಜೆಯಷ್ಟು ನಡೆದು ಮುಖ ಅಡಿಯಾಗಿ ಬಿದ್ದನು.

ಆಗ ಗಂಟೆ ಒಂಬತ್ತು ಮೂವತ್ತೈದು. ಮಗಳು ಅವನನ್ನು ಹೊರಳಿಸಲು ಪ್ರಯತ್ನಪಟ್ಟಳು. ಚೀಲದ ಭಾರದಿಂದ ಆಗಲಿಲ್ಲ. ಕ್ಯಾಪ್ಟನ್ ಓಡಿಬಂದು ಪಟ್ಟಿಗಳನ್ನು ಬಿಚ್ಚಿದನು. ಉಸಿರಾಟಕ್ಕೆ ಅನುಕೂಲವಾಗಲೆಂದು ಬಿಚ್ಚಿದನೆಂದೇ ನಾನು ತಿಳಿದೆನು. ಅವನು ಚೀಲವನ್ನು ಎತ್ತಿಕೊಂಡು ದಾರಿಯ ಅಂಚಿಗೆ ಹೋಗಿ, ಬೋರಲು ಹಾಕಿ ಕಲ್ಲುಗಳನ್ನು ಕೆಳಗೆ ಸುರಿದನು. ಒಂದು ಕಲ್ಲು ಅಂಚಿನಲ್ಲೇ ಉಳಿಯಿತು. ಅದನ್ನು ಕಾಲಿನಿಂದ ತಳ್ಳಿದನು. ಅನಂತರ ಚೀಲದೊಳಗಿನ ಮಣ್ಣನ್ನು ಕೊಡವಿ, ತನ್ನ ಚೀಲದಿಂದ ಒಂದು ಟವಲನ್ನೂ ಬಾಟಲಿಯನ್ನೂ ಅದಕ್ಕೆ ಹಾಕಿದನು. ಸಹಾಯಕ್ಕಾಗಿ ಕಾವಲುಗಾರನಿಗೆ ಫೋನು ಮಾಡಿದ್ದು ಆಮೇಲೆ. ಕಾವಲುಗಾರನು ಫೋನು ಬಂದದ್ದು ಒಂಬತ್ತು ಐವತ್ತಕ್ಕೆ ಎಂದು ಹೇಳಿದ್ದಾನೆ, ಅದು ಸರಿ. ಆ ಹದಿನೈದು ನಿಮಿಷ ಮಗಳು ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಅವನ ಬಾಯಿಯೊಳಗಿನ ಮಣ್ಣನ್ನು ಬೆರಳಿನಿಂದ ತೆಗೆಯುತ್ತಿದ್ದಳು. ಕ್ಯಾಪ್ಟನ್ ಎಲ್ಲರಿಗೂ ಕೇಳಿಸುವಂತೆ, “ಕಲ್ಲಿನ ಮಾತು ಯಾರೂ ಎತ್ತೋದು ಬೇಡ. ಆಟ ಆಡ್ತಿದ್ವಿ ಅಂದ್ರೆ ಯಾರು ನಂಬ್ತಾರೆ,” ಎಂದನು. ಸುರಿದ ಕಲ್ಲುಗಳನ್ನು ಬಂಡೆಯಿಂದ ನೂರು ಹೆಜ್ಜೆ ಮೇಲೆ, ದಾರಿಯ ಎಡಗಡೆಯ ಇಳಿಜಾರಿನಲ್ಲಿ ಹುಡುಕಬಹುದು. ಸೋಮವಾರ ಮಳೆಯಾದುದರಿಂದ ಸೀಮೆಸುಣ್ಣದ ಬರಹ ಉಳಿದಿರಲಾರದು.

ಆಸ್ಪತ್ರೆಯಲ್ಲಿ ವೈದ್ಯೆಯೊಬ್ಬರು ಅಳಿಯನ ಹೆಗಲ ಮೇಲಿನ ಕಂದಿದ ಪಟ್ಟೆಗಳನ್ನು ನೋಡಿ ಠಾಣೆಗೆ ತಿಳಿಸಿದರು. ಮಂಗಳವಾರ ಸಂಜೆ ನಾಲ್ಕು ಗಂಟೆಗೆ ತಮ್ಮ ಹೆಡ್ ಕಾನ್‌ಸ್ಟೆಬಲರು ಬಂದು ಅಳಿಯನನ್ನು ವಿಚಾರಿಸಿದರು. ಕ್ಯಾಪ್ಟನ್ ಮಂಚದ ಕಾಲ್ದೆಸೆಯಲ್ಲಿ ನಿಂತಿದ್ದನು. ಅಳಿಯನು ಮೂಗಿನ ನಳಿಕೆಯನ್ನು ಸರಿಮಾಡಿಕೊಂಡು, “ದೂರಾ? ಏನೂ ಇಲ್ಲ ಸಾರ್. ಎಲ್ಲರೂ ಚೆನ್ನಾಗಿ ನೋಡ್ಕೊಂಡ್ರು. ಒಳ್ಳೆ ರಜೆ,” ಎಂದನು. ಅವರು ಬರೆದುಕೊಂಡು ಹೋದರು.

ಅವರು ಬಾಗಿಲು ದಾಟಿದ ಮೇಲೆ ಸೊಸೆಯು ಸದ್ದಾಗದಂತೆ ಚಪ್ಪಾಳೆ ತಟ್ಟಿ, “ಅಣ್ಣ ಫಸ್ಟ್ ಕ್ಲಾಸಲ್ಲಿ ಪಾಸು,” ಎಂದಳು. ಕ್ಯಾಪ್ಟನ್, ಈ ಮನೆಗೆ ಅಳಿಯನೆಂದರೆ ಹೀಗಿರಬೇಕು ಎಂದು ಹೇಳಿ, ಮುಂದಿನ ಬೇಸಿಗೆಯವರೆಗೆ ಕಾಯುವುದು ಬೇಡವೆಂದು ಡಿಸೆಂಬರ್ ರಜೆಗೇ ಗುಡ್ಡದಾಚೆಯ ಜಾಗವನ್ನು ಆಗಲೇ ಕಾಯ್ದಿರಿಸಿದ್ದೇನೆಂದೂ, “ಈ ಸಲ ನಿಮ್ಮ ಬ್ಯಾಗು ನಾನೇ ಹೊರ್ತೀನಿ,” ಎಂದೂ ಹೇಳಿದನು. ಅಳಿಯನು, “ಬೇಡ ಭಾವ, ನಂದು ನಾನೇ ಹೊರ್ತೀನಿ,” ಎಂದನು. ಅವನ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಅವನ ಮದುವೆಯ ದಿನವೂ ಕಂಡಿರಲಿಲ್ಲ. ಅದಕ್ಕೆ ಒಂದು ಗಂಟೆ ಮೊದಲು ವೈದ್ಯೆಯು ಮಗಳಿಗೂ ನನಗೂ, ಅವನ ಹೃದಯದ ಸ್ನಾಯುವಿನಲ್ಲಿ ಮೂರನೆಯ ಒಂದು ಭಾಗ ಇನ್ನು ಕೆಲಸ ಮಾಡದೆಂದೂ, ಇನ್ನು ಮೇಲೆ ಅವನು ಬಸ್ಸು ಓಡಿಸುವಂತಿಲ್ಲವೆಂದೂ, ಇಂಥ ಏರನ್ನು ಮತ್ತೊಮ್ಮೆ ಹತ್ತಿದರೆ ಇಳಿಯಲಾರನೆಂದೂ ಹೇಳಿದ್ದರು. ಈ ಮಾತನ್ನು ಅವನಿಗೂ ತಿಳಿಸಲಾಗಿತ್ತು.

ಬುಧವಾರ ಬೆಳಿಗ್ಗೆ ನಾನು ಠಾಣೆಗೆ ಹೋಗುವೆನೆಂದು ಮನೆಯಲ್ಲಿ ಹೇಳಿದೆನು. ಕ್ಯಾಪ್ಟನ್, “ಅವರೇ ದೂರಿಲ್ಲ ಅಂದ ಮೇಲೆ ನಿಂದೇನಪ್ಪಾ? ಗಾಯ ಅವರದ್ದು, ಅಳು ನಿಂದಾ?” ಎಂದು ಕೇಳಿದನು. ಶಾಲೆಯಲ್ಲಿ ತನ್ನ ಕೆಲಸ ಹೋಗುವುದೆಂದೂ, ಮಕ್ಕಳನ್ನು ಗುಡ್ಡಕ್ಕೆ ಕರೆದೊಯ್ಯುವವನ ಮೇಲೆ ಇಂಥದು ಬಂದರೆ ಯಾವ ಶಾಲೆಯೂ ಸೇರಿಸಿಕೊಳ್ಳದೆಂದೂ ಹೇಳಿದನು. ಸೊಸೆಯು ತಟ್ಟೆ ತೊಳೆಯುತ್ತ, “ಹೋಗ್ಲಿ ಬಿಡ್ರೀ. ಹೆತ್ತ ಮಗನ ಕೈಗೆ ಬೇಡಿ ಹಾಕಿಸಿ, ಆಮೇಲೆ ಅವನ ಮನೇಲೇ ಉಣ್ಣೋ ಮನಸ್ಸು ಎಷ್ಟು ದೊಡ್ಡದು ನೋಡಿ,” ಎಂದಳು.

ಆಸ್ಪತ್ರೆಗೆ ಹೋಗಿ ಮಗಳನ್ನು ಜೊತೆಗೆ ಬಾ ಎಂದು ಕರೆದೆನು. ಅವಳು ಕಾರಿಡಾರಿನ ಬೆಂಚಿನಲ್ಲಿ ಗಂಡನ ಬೂಟುಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತಿದ್ದಳು. “ನಾನು ಬಾಯಿ ಬಿಟ್ಟರೆ ಅವರ ಚೀಲಕ್ಕೆ ಬೀಳತ್ತೆ. ತೀರ್ಪು ನಿಂದೇ ಅಲ್ವಾ ಅಪ್ಪಾ,” ಎಂದಳು. ಆಮೇಲೆ ನನ್ನೊಡನೆ ಮಾತನಾಡಲಿಲ್ಲ. ಆದುದರಿಂದ ಒಬ್ಬನೇ ಬಂದಿದ್ದೇನೆ.

ಸಬ್ ಇನ್ಸ್‌ಪೆಕ್ಟರವರ ಪ್ರಶ್ನೆಗಳಿಗೆ ಉತ್ತರವಾಗಿ ಹೇಳುವುದೇನೆಂದರೆ: ನನ್ನ ಶ್ರವಣಶಕ್ತಿ ಸರ್ವಥಾ ಸರಿಯಾಗಿದೆ. ಅಳಿಯನ ಪ್ರತಿ ಮಾತನ್ನೂ ನಾನು ಕೇಳಿದ್ದೇನೆ. ಮಗನ ಮೇಲೆ ನನಗೆ ಹಗೆಯಿಲ್ಲ. ಅವನನ್ನು ಹತ್ತು ವರ್ಷದವನಾಗಿದ್ದಾಗಿನಿಂದ ಡೇರೆಗೆ ಕರೆದೊಯ್ದವನು ನಾನೇ. ಗಾಯಗೊಂಡವನೇ ಬೇಡವೆನ್ನುವಾಗ ಈ ಹೇಳಿಕೆಯಿಂದ ಏನು ಪ್ರಯೋಜನವೆಂದು ತಾವು ಕೇಳಿದಿರಿ. ಡಿಸೆಂಬರಿನಲ್ಲಿ ಅವನು ಹೋಗುವನು. ನಕ್ಕುಕೊಂಡೇ ಹೋಗುವನು, ಹತ್ತುವನು. ಯಾರೂ ಅವನ ಬಾಯಿಂದ ಬೇಡವೆಂಬ ಮಾತನ್ನು ಕೇಳುವುದಿಲ್ಲ. ಅವನನ್ನು ತಡೆಯಲು ನನ್ನ ಮನೆಯೊಳಗೆ ಬೇರೆ ದಾರಿ ನನಗೆ ತೋರಲಿಲ್ಲ.

ಯಾರ ಯಾರ ಮೇಲೆ ಎಂದು ಬರೆಯಲಿ ಎಂಬ ಕೊನೆಯ ಪ್ರಶ್ನೆಗೆ: ಕಲ್ಲು ಹಾಕಿದವನು ನನ್ನ ಮಗ. ನಾನು ಹೇಳದೆ ಅವನು ಒಂದು ಕಲ್ಲನ್ನೂ ಹಾಕಿಲ್ಲ. ಪ್ರತಿ ಸಲವೂ ತೀರ್ಪು ಮೊದಲು, ಕಲ್ಲು ಆಮೇಲೆ. ಆ ಕ್ರಮದಲ್ಲಿಯೇ ನಮ್ಮಿಬ್ಬರ ಹೆಸರನ್ನು ಬರೆಯಬೇಕಾಗಿ ಕೋರುತ್ತೇನೆ. “ತಾತ, ಈ ವಯಸ್ಸಲ್ಲಿ ಕೋರ್ಟು ಕಚೇರಿ ಅಂತ ಯಾಕೆ, ಸಾಕ್ಷಿ ಅಂತ ಹಾಕ್ಕೊಳ್ಲಾ,” ಎಂದು ತಾವು ದಯೆಯಿಂದ ಕೇಳಿದಿರಿ. ಬೇಡವೆಂದು ಹೇಳಿದ್ದೇನೆ.

ಮೇಲೆ ಬರೆದಿರುವುದನ್ನು ನನಗೆ ಓದಿ ಹೇಳಲಾಗಿ, ಅಭ್ಯಾಸಬಲದಿಂದ ನಾನೂ ಒಮ್ಮೆ ಓದಿ ಎರಡು ಕಾಗುಣಿತದ ತಪ್ಪುಗಳನ್ನು ತಿದ್ದಿದ್ದೇನೆ. ಉಳಿದಂತೆ ಇದರಲ್ಲಿ ಸತ್ಯಕ್ಕೆ ಹೊರತಾದುದು ಇಲ್ಲ. ಯಾರ ಒತ್ತಾಯದಿಂದಲೂ ಇದನ್ನು ಹೇಳಿಲ್ಲ.

ಸ್ಥಳ: ಠಾಣೆಯ ಒಳಕೋಣೆ
ದಿನಾಂಕ: ಮೇ ಒಂಬತ್ತು, ಮಧ್ಯಾಹ್ನ ಒಂದೂಕಾಲು ಗಂಟೆ
ಹೇಳಿಕೆ ಕೊಟ್ಟವರ ಸಹಿ (ಮಾಡಲಾಗಿದೆ)

ಸಹಿಯ ಕೆಳಗೆ ಇಷ್ಟನ್ನು ಬರೆಯಲು ಅನುಮತಿ ಪಡೆದಿದ್ದೇನೆ. ಅಳಿಯನಿಗೆ ದೀರ್ಘಾಯುವಾಗಲಿ, ನೋವಾದಾಗ ನೋವೆಂದು ಹೇಳಿ ಉಳಿಯುವ ಮನೆಯೊಂದು ಅವನಿಗೆ ದೊರೆಯಲಿ. ಮಗಳಿಗೆ ಅವಳ ಮಾತು ಮರಳಿ ಬರಲಿ, ಅದು ನನ್ನನ್ನು ಶಪಿಸುವ ಮಾತಾದರೂ ಸರಿಯೇ. ಸೊಸೆಗೆ ಕ್ಷೇಮವಾಗಲಿ. ಬರೆದುಕೊಂಡವರ ಕೈಗೆ ಬಳಲಿಕೆ ಬಾರದಿರಲಿ. ನನ್ನ ಮಗನಿಗೆ ನನಗಿಂತ ಒಳ್ಳೆಯ ನ್ಯಾಯಾಧೀಶರು ದೊರೆಯಲಿ.